ಕಪ್ಪಾಗದ ಗೆರೆ

ಅವಳ ಕಣ್ಣಿಗೆ ಅಂಚುಗಳೆಲ್ಲ ಕಾಣುತ್ತಿದ್ದವು, ನಡು ಕಾಣುತ್ತಿರಲಿಲ್ಲ. ಎದುರಿಗೆ ನಿಂತವರ ಕಿವಿ, ಹೆಗಲು, ತಲೆಯ ಮೇಲಿನ ಹಸಿರು ಟೋಪಿ ಎಲ್ಲ ಸ್ಪಷ್ಟ. ಮುಖ ಇರಬೇಕಾದ ಜಾಗದಲ್ಲಿ ಮಾತ್ರ ಒದ್ದೆ ಬೆರಳಿನಿಂದ ಒರೆಸಿಬಿಟ್ಟಂಥ ಕಲೆ. ಕಣ್ಣಿನ ಡಾಕ್ಟರು ದೀಪ ಹಾಕಿ, ಹನಿ ಬಿಟ್ಟು, ಇಣುಕಿ ನೋಡಿ ಹೇಳಿದ್ದರು: "ಕಣ್ಣಿನ ಹಿಂದಿನ ಪರದೆ ನಡುವಲ್ಲಿ ಸವೆದಿದೆಯಮ್ಮ. ಕನ್ನಡಕ ಎಷ್ಟು ಬದಲಾಯಿಸಿದರೂ ಅಷ್ಟೇ. ಇನ್ನು ಮೇಲೆ ಏನೇ ನೋಡಬೇಕಾದರೂ ದೊಡ್ಡದು ಮಾಡಿಕೊಂಡು ನೋಡಿ."

ಡಾಕ್ಟರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ನೋಡುವುದೇ ಹೊಟ್ಟೆಪಾಡಾದವಳು "ನನಗೆ ಕಾಣುವುದಿಲ್ಲ" ಎಂದು ಯಾರ ಮುಂದೆ ಹೇಳಬೇಕು ಎನ್ನುವುದನ್ನು ಅವರು ಚೀಟಿಯಲ್ಲಿ ಬರೆದುಕೊಡಲಿಲ್ಲ.

ಅವಳು ಕೆಲಸ ಮಾಡುತ್ತಿದ್ದುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಆಪರೇಷನ್ ಸಾಮಾನು ತೊಳೆದು ಕಾಯಿಸುವ ಕೋಣೆಯಲ್ಲಿ. ಅಲ್ಲಿನ ಹೆಂಗಸರೆಲ್ಲ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಗೋಡೆಯ ಈಚೆ ಸಾಲು ತೊಟ್ಟಿಗಳು. ಮೇಲಿನಿಂದ ರಕ್ತ ಮೆತ್ತಿಕೊಂಡು ಇಳಿದ ಕತ್ತರಿ, ಚಿಮಟ, ಇಕ್ಕಳಗಳನ್ನು ಅಲ್ಲಿ ಉಜ್ಜಿ ತೊಳೆದು, ಎರಡು ಪದರ ಬಟ್ಟೆಯಲ್ಲಿ ಗಂಟು ಕಟ್ಟಿ, ಟೇಪು ಅಂಟಿಸಿ, ಗೋಡೆಯೊಳಗೇ ಕೂತಿರುವ ದೊಡ್ಡ ಉಗಿ ಮಷೀನಿಗೆ ತುಂಬುತ್ತಾರೆ. ಮಷೀನಿಗೆ ಎರಡು ಬಾಗಿಲು. ಈಚೆಯಿಂದ ಹೋದದ್ದು ಕಾದು, ಆಚೆ ಬಾಗಿಲಿನಿಂದ ಶುದ್ಧವಾಗಿ ಹೊರಬರಬೇಕು. ಆ ಆಚೆ ಬಾಗಿಲಿನ ಪಕ್ಕದಲ್ಲೇ ದೊಡ್ಡಕ್ಕನ ಮೇಜು.

ಟೇಪಿನ ಮೇಲೆ ಓರೆ ಗೆರೆಗಳಿರುತ್ತವೆ. ಉಗಿಯಲ್ಲಿ ಬೇಯುವ ಮುಂಚೆ ಅವು ತೆಳು ಟೀ ಚೆಲ್ಲಿದಂತೆ ಮಾಸಲು. ಬೇಯಬೇಕಾದಷ್ಟು ಬೆಂದರೆ ಕಪ್ಪು. ಗೆರೆ ಕಪ್ಪಾಗಿದ್ದರೆ ಗಂಟಿನ ಮೇಲೆ ಸೀಲು ಒತ್ತಿ ಮೇಲಕ್ಕೆ ಕಳಿಸು, ಇಲ್ಲದಿದ್ದರೆ ಹಿಂದಕ್ಕೆ ದಬ್ಬು. ಅವಳ ಕೆಲಸ ಅಷ್ಟೇ. ಆ ಅಷ್ಟರ ಮೇಲೆಯೇ ಮೇಲಿನ ಮಹಡಿಯಲ್ಲಿ ಹೊಟ್ಟೆ ಕೊಯ್ಯಿಸಿಕೊಳ್ಳಲು ಮಲಗಿದವರೆಲ್ಲರ ಜೀವ ನಿಂತಿತ್ತು.

ಮೊದಲು ಪ್ರತಿ ಗಂಟಿನ ಒಳಗೂ, ಬೆಂದರೆ ಬಣ್ಣ ಬದಲಿಸುವ ಇನ್ನೊಂದು ಕಾಗದದ ಪಟ್ಟಿ ಇಡುತ್ತಿದ್ದರು. ಆಪರೇಷನ್ ಥಿಯೇಟರಿನಲ್ಲಿ ಬಿಚ್ಚಿದವರು ಅದನ್ನೂ ನೋಡಿಯೇ ಸಾಮಾನು ಮುಟ್ಟುತ್ತಿದ್ದರು. ಕೋಣೆಯನ್ನು ಗುತ್ತಿಗೆಗೆ ಕೊಟ್ಟ ಮೇಲೆ ಒಳಪಟ್ಟಿ ದಂಡ ಎಂದು ನಿಲ್ಲಿಸಿದರು. ಟ್ಯೂಬ್‌ಲೈಟುಗಳಲ್ಲಿ ಒಂದು ಬಿಟ್ಟು ಒಂದನ್ನು ಕಳಚಿದರು. ಮಷೀನು ನೋಡಿಕೊಳ್ಳುವವನನ್ನು ಪಕ್ಕದ ಕಟ್ಟಡದ ಮಷೀನಿಗೂ ಕಟ್ಟಿಹಾಕಿದರು. ಕೆಲಸ ಮುಗಿದದ್ದನ್ನು ತೋರಿಸುವ ಮಷೀನಿನ ಹಸಿರು ದೀಪ ಸುಟ್ಟುಹೋಗಿತ್ತು; ಅದನ್ನು ಬದಲಾಯಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಹೀಗೆ ಒಂದೊಂದೇ ಕಣ್ಣನ್ನು ಕಿತ್ತುಹಾಕಿ, ಕೊನೆಗೆ ಇಡೀ ಆಸ್ಪತ್ರೆಯ ಪರವಾಗಿ ನೋಡುವ ಹೊಣೆಯನ್ನು ಒಬ್ಬ ಹೆಂಗಸಿನ ಸವೆದ ಕಣ್ಣಿಗೆ ಬಿಟ್ಟಿದ್ದರು. ಅದಕ್ಕೆ ಅವರು ಇಟ್ಟುಕೊಂಡಿದ್ದ ಹೆಸರು ವ್ಯವಸ್ಥೆ.

ಗುತ್ತಿಗೆದಾರನ ಮೇಲ್ವಿಚಾರಕನಿಗೆ ಹೆಂಗಸರು ಬೇಗಬೇಗ ಎಂದು ಹೆಸರಿಟ್ಟಿದ್ದರು. ಒಳಗೆ ಕಾಲಿಡುವಾಗಲೂ "ಬೇಗ ಬೇಗ", ಹೊರಗೆ ಹೋಗುವಾಗಲೂ "ಬೇಗ ಬೇಗ". "ಹುಟ್ಟುವಾಗಲೂ ಇವನು ಹಾಗೇ ಅಂದಿರಬೇಕು, ಅದಕ್ಕೇ ಪೂರ್ತಿ ಬೇಯೋಕೆ ಮುಂಚೆ ಹೊರಗೆ ಬಂದಿದಾನೆ" ಎಂದು ತೊಟ್ಟಿಯ ಬಳಿ ನಿಂತ ದೊಡ್ಡಕ್ಕನ ನಾದಿನಿ ಹೇಳಿದರೆ ಉಜ್ಜುವ ಕೈಗಳೆಲ್ಲ ನಗುತ್ತಿದ್ದವು. ಗಂಡ ಬಿಟ್ಟುಹೋಗಿ, ಮಗಳೊಂದಿಗೆ ಅಣ್ಣನ ಮನೆ ಸೇರಿದ ಮೇಲೆ ಅವಳನ್ನು ಈ ಕೆಲಸಕ್ಕೆ ಸೇರಿಸಿದವಳು ದೊಡ್ಡಕ್ಕನೇ. ಮನೆಯಲ್ಲೂ ಒಂದೇ ಸೂರು, ಕೆಲಸದಲ್ಲೂ ಒಂದೇ ಸೂರು.

ಅತ್ತಿಗೆಗೆ ಕಾಣುತ್ತಿಲ್ಲ ಎಂಬುದನ್ನು ಮೊದಲು ಹಿಡಿದದ್ದೂ ಅವಳೇ.

"ಅತ್ತಿಗೆ, ನೀನು ಗಂಟನ್ನ ನೋಡ್ತಾ ಇಲ್ಲ, ಮೂಸ್ತಾ ಇದೀಯ."

"ಸುಮ್ನಿರೇ."

"ಮೂಗಿನ ಹತ್ರ ಹಿಡ್ಕೊಂಡು ನೋಡೋದನ್ನ ಬೇಗಬೇಗ ನೋಡಿದ್ರೆ ನಾಳೆನೇ ಗೇಟಿನಾಚೆ. ಹೋದ ವರ್ಷ ಸೊಂಟ ನೋವು ಅಂದವಳು ಎಲ್ಲಿದಾಳೆ ಈಗ? ಕೊಡಿಲ್ಲಿ ಫೋನು."

ಅಂದು ಸಂಜೆ ಮನೆಯಲ್ಲಿ ನಾದಿನಿ ಅವಳ ಫೋನಿಗೆ ಭೂತಗನ್ನಡಿಯ ಆ್ಯಪ್ ಹಾಕಿಕೊಟ್ಟಳು. ಫೋನನ್ನು ಅಕ್ಷರದ ಮೇಲೆ ಹಿಡಿದರೆ ಸಾಕು, ತೆರೆಯ ತುಂಬ ಅಕ್ಷರ ಬೆಳೆದು ನಿಲ್ಲುತ್ತಿತ್ತು. ದೊಡ್ಡಕ್ಕ ಮೊದಲು ನೋಡಿದ್ದು ಅಕ್ಕಿ ಚೀಲದ ಮೇಲಿನ ಸಣ್ಣ ಬರಹವನ್ನು, ಆಮೇಲೆ ತನ್ನ ಅಂಗೈಯನ್ನು, ಆಮೇಲೆ ನಾದಿನಿಯ ಮುಖವನ್ನು. "ಅಯ್ಯೋ, ನಿನ್ನ ಹುಬ್ಬಿನ ಮೇಲೆ ಮಚ್ಚೆ ಇತ್ತಲ್ವಾ! ಮರೆತೇಹೋಗಿತ್ತು" ಎಂದು ಅವಳು ಅಂದಾಗ ನಾದಿನಿ ನಗಲು ಹೋಗಿ, ಆಗದೆ, ಎದ್ದು ಪಾತ್ರೆ ತೊಳೆಯಲು ಕೂತಳು.

ಶುದ್ಧ ಕೋಣೆಗೆ ಫೋನು ತರುವಂತಿರಲಿಲ್ಲ. ಸಾಮಾನು ಕೊಳೆಯಾಗುತ್ತದೆ ಎಂಬುದು ಗೋಡೆಯ ಮೇಲೆ ಬರೆದಿದ್ದ ಕಾರಣ. ಯಾರಾದರೂ ಬೂಷ್ಟು ಹಿಡಿದ ಆ ಗೋಡೆಯದೇ ಫೋಟೋ ತೆಗೆದು ಹೊರಗೆ ಕಳಿಸಿಯಾರು ಎಂಬುದು ಎಲ್ಲರಿಗೂ ಗೊತ್ತಿದ್ದ ಕಾರಣ. ದೊಡ್ಡಕ್ಕ ಫೋನನ್ನು ಗವುನಿನ ಒಳಜೇಬಿನಲ್ಲಿ ತಂದಳು. ಸ್ಪಿರಿಟ್ಟಿನಲ್ಲಿ ಒರೆಸಿ, ಪಾರದರ್ಶಕ ಚೀಲದಲ್ಲಿ ಹಾಕಿ, ಬಟ್ಟೆಯ ರಾಶಿಯ ಮರೆಯಲ್ಲಿ ಹಿಡಿದು ನೋಡಿದಳು. ಗಂಟಿನ ಮೇಲೆ ಪೆನ್ನಿನಲ್ಲಿ ಗೀಚಿದ ಹೆಸರು, ತಾರೀಖು, ಟೇಪಿನ ಗೆರೆ ಎಲ್ಲವೂ ಬಂದವು. ಎಷ್ಟೋ ತಿಂಗಳಿಂದ ಅಂದಾಜಿನ ಮೇಲೆ ಒತ್ತುತ್ತಿದ್ದ ಸೀಲನ್ನು ಅವಳು ಈಗ ನೋಡಿ ಒತ್ತತೊಡಗಿದಳು. ಕಳ್ಳತನ ಮಾಡಿ ಪ್ರಾಮಾಣಿಕಳಾಗುವ ಗತಿ ಬಂತಲ್ಲ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ.

ಆದರೆ ಬೆಳಕು ಸಾಲುತ್ತಿರಲಿಲ್ಲ. ಅರ್ಧ ಕತ್ತಲಲ್ಲಿ ಫೋನಿನ ಚಿತ್ರವೂ ಮಂಕು, ಪೆನ್ನಿನ ಬರಹ ಬಟ್ಟೆಯ ಬಣ್ಣದಲ್ಲೇ ಕರಗಿಹೋಗುತ್ತಿತ್ತು. ಹಾಗೆಂದು ಟಾರ್ಚು ಹಾಕಿದರೆ ಬೆಳಕು ಬೇಗಬೇಗನ ಗಾಜಿನ ಕೋಣೆಗೆ ಹೊಡೆಯುತ್ತಿತ್ತು.

"ಅದಕ್ಕೂ ಮದ್ದಿದೆ ಬಾ" ಎಂದು ನಾದಿನಿ ಫೋನು ತೀಡಿ ತೀಡಿ ಒಂದು ಗುಂಡಿ ಹುಡುಕಿದಳು. ಅದನ್ನು ಒತ್ತಿದರೆ ಬಣ್ಣಗಳೆಲ್ಲ ಹೋಗಿ ಬರೀ ಕಪ್ಪು ಬಿಳುಪು ಉಳಿಯುತ್ತಿತ್ತು. ಮಾಸಲು ಅಕ್ಷರವೂ ಕಲ್ಲಿದ್ದಲಿನಿಂದ ಬರೆದಂತೆ ಕರ್ರಗೆ ಎದ್ದು ನಿಲ್ಲುತ್ತಿತ್ತು. "ಹಂ, ಈಗ ನೋಡು. ಹೇಗೆ ಓಡಿಬರ್ತಾ ಇವೆ ಅಕ್ಷರ!"

ಓಡಿಬಂದವು. ಅವುಗಳ ಹಿಂದೆಯೇ ಗೆರೆಗಳೂ ಓಡಿಬಂದವು. ಎಲ್ಲ ಗೆರೆಗಳೂ.

ಅದನ್ನು ಇಬ್ಬರಲ್ಲಿ ಒಬ್ಬರೂ ಯೋಚಿಸಲಿಲ್ಲ. ಓದಲು ಹೆಣಗುವವರಿಗೆ ಕಾಣುವುದೇ ದೊಡ್ಡದು. ಕಾಣಬಾರದ್ದೂ ಕಂಡೀತು ಎಂಬ ಅನುಮಾನ ಹೊಟ್ಟೆ ತುಂಬಿದವರಿಗೆ ಬರುವಂಥದು.

ಗೊತ್ತಾದದ್ದು ಒಂದು ದಿನ, ಬೆಳಗಿನ ಗಾಡಿ ಮೇಲಕ್ಕೆ ಹೋಗಿ ಒಂದೆರಡು ಗಂಟೆಯಾದ ಮೇಲೆ. ಒಂದು ಗಂಟಿನ ಟೇಪು ಮೂಲೆಯಲ್ಲಿ ಎದ್ದಿತ್ತು. ಅಂಥದ್ದಕ್ಕೆ ಹೊಸ ಟೇಪು ಸುತ್ತಿ ಮತ್ತೆ ಮಷೀನಿಗೆ ಕಳಿಸಬೇಕು. ದೊಡ್ಡಕ್ಕ ಪೆಟ್ಟಿಗೆಯಿಂದ ಹೊಸ ಉರುಳೆ ತೆಗೆದು, ಅದರ ತುದಿ ಎಲ್ಲಿದೆ ಎಂದು ಹುಡುಕಲು ಫೋನು ಹಿಡಿದಳು. ತುದಿ ಸಿಕ್ಕಿತು. ಅದರ ಜೊತೆಗೆ ಓರೆ ಗೆರೆಗಳೂ ಕಂಡವು. ಕಪ್ಪಗೆ.

ಈ ಉರುಳೆ ಯಾಕೆ ಕಪ್ಪಾಗಿದೆ? ಯಾರಾದರೂ ತಪ್ಪಿ ಇದನ್ನೂ ಮಷೀನಿಗೆ ಹಾಕಿದರೇ? ಪೆಟ್ಟಿಗೆಯಿಂದ ಇನ್ನೊಂದನ್ನು ತೆಗೆದಳು. ಮೇಲಿನ ಪ್ಲಾಸ್ಟಿಕ್ ಹರಿದಿರಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದಳು. ಅದೂ ಕಪ್ಪು.

ತಪ್ಪು ಟೇಪಿನದಲ್ಲ, ಫೋನಿನದೇ ಏನೋ. ಕಪ್ಪು ಬಿಳುಪಿನ ಆ ಗುಂಡಿಯನ್ನು ಹುಡುಕಿ ಒತ್ತಿದಳು. ಬಣ್ಣ ವಾಪಸು ಬಂತು. ಉರುಳೆಯ ಗೆರೆ ಮಾಸಲಾಯಿತು, ತೆಳು ಟೀಯ ಬಣ್ಣ. ಮೇಜಿನ ಮೇಲೆ ಉಳಿದಿದ್ದ, ಟೇಪು ಎದ್ದ ಆ ಗಂಟಿನ ಮೇಲೆ ಫೋನು ಹಿಡಿದಳು.

ತೆಳು ಟೀಯ ಬಣ್ಣ.

ಮಷೀನಿನಿಂದ ಬಂದಾಗ ಗಂಟು ಬೆಚ್ಚಗೇ ಇತ್ತು. ಮಷೀನು ಮುಂಚಿನ ಸರದಿಯಿಂದ ಕಾದಿತ್ತು; ಆ ಬಿಸಿಯಲ್ಲಿ ಇದು ಸುಮ್ಮನೆ ಕೂತು ಎದ್ದು ಬಂದಿತ್ತು, ಅಷ್ಟೇ. ಮಷೀನಿನವನು ತುಂಬಿ, ಬಾಗಿಲು ಹಾಕಿ, ಗುಂಡಿ ಒತ್ತುವ ಮುಂಚೆ ಪಕ್ಕದ ಕಟ್ಟಡದಿಂದ ಕರೆ ಬಂತೆಂದು ಓಡಿದ್ದ. ಬೇಗಬೇಗ ಬಂದು, ಸುಟ್ಟ ದೀಪವನ್ನು ನೋಡಿ ಏನೂ ತಿಳಿಯದೆ, ಬಾಗಿಲು ಮುಟ್ಟಿ ನೋಡಿ, "ಬಿಸಿ ಇದೆ, ಆಗಿದೆ, ತೆಗೀರಿ, ಬೇಗ ಬೇಗ" ಎಂದು ಆಚೆ ಬಾಗಿಲಿನಿಂದ ಹೊರಗೆ ಎಳೆದಿದ್ದ. ಅವಳು ಫೋನು ಹಿಡಿದು, ಕರ್ರನೆ ಗೆರೆ ನೋಡಿ, ಸೀಲು ಒತ್ತಿ, ಇಡೀ ಗಾಡಿಯನ್ನು ಲಿಫ್ಟಿಗೆ ಹತ್ತಿಸಿಯಾಗಿತ್ತು.

ಅವಳು ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಸದ್ದಿಗೆ ನಾದಿನಿ ಕೈಗವಸಿನಲ್ಲೇ ಬಾಗಿಲಿಗೆ ಬಂದಳು. ದೊಡ್ಡಕ್ಕ ಎರಡೇ ಮಾತಿನಲ್ಲಿ ಹೇಳಿದಳು. ನಾದಿನಿಯ ಮುಖ ಅವಳಿಗೆ ಕಾಣಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದ ಕೈ ಕಂಡಿತು.

"ಅತ್ತಿಗೆ, ನಿಲ್ಲು. ಫೋನ್ ಮಾಡಿ ಹೇಳೋಣ. ಗಾಡಿ ತಪ್ಪಿ ಬಂದಿದೆ, ವಾಪಸ್ ಕಳ್ಸಿ ಅನ್ನೋಣ. ಅಷ್ಟೇ."

"ಮೇಲೆ ಬಿಚ್ತಾ ಇದ್ರೆ?"

"ನಿನಗೆ ಕಾಣಲ್ಲ ಅಂತ ಗೊತ್ತಾದ್ರೆ ನಿನ್ನ ಕೆಲಸ ಹೋಗತ್ತೆ. ಆ ಗುಂಡಿ ಒತ್ತಿದ್ದು ನಾನು ಅಂತ ಗೊತ್ತಾದ್ರೆ ನಂದೂ ಹೋಗತ್ತೆ. ಮಗಳನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ?"

"ಕೈ ತೆಗಿಯೇ."

ಕೈ ಸರಿಯಿತು. ಆ ಸರಿದ ಕೈಯನ್ನು ದೊಡ್ಡಕ್ಕ ಬಹಳ ದಿನ ನೆನೆಸಿಕೊಂಡಳು.

ಲಿಫ್ಟು ಮೇಲೆಲ್ಲೋ ಸಿಕ್ಕಿಕೊಂಡಿತ್ತು. ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿನ ನಡುವೂ ಅವಳಿಗೆ ಅಳಿಸಿಹೋಗಿತ್ತು, ಪಕ್ಕದ ಕಟಾಂಜನ ಹಿಡಿದದ್ದೇ ದಾರಿ. ಥಿಯೇಟರಿನ ಹೊರಗೆ ನೆಲದ ಮೇಲೆ ಕೆಂಪು ಪಟ್ಟಿ ಇರುತ್ತದೆ. ಕೆಳಗಿನ ಚಪ್ಪಲಿಯವರು ಅದನ್ನು ದಾಟುವಂತಿಲ್ಲ. ಅವಳು ಚಪ್ಪಲಿ ಬಿಟ್ಟು ದಾಟಿದಳು.

"ಏಯ್, ಯಾರಮ್ಮ ನೀನು? ಎಲ್ಲಿಗೆ ನುಗ್ತಾ ಇದೀಯ?" ಥಿಯೇಟರಿನ ಹಿರಿಯ ಸಿಸ್ಟರು ಅಡ್ಡ ಬಂದರು.

"ಸಿಸ್ಟರ್, ಬೆಳಿಗ್ಗೆ ಬಂದ ಗಾಡಿ. ಅದರ ಗಂಟು ಬಿಚ್ಚಬೇಡಿ. ಕಾಯಿಸಿಲ್ಲ."

"ನಿನ್ನ ಸೀಲಿದೆ."

"ಸೀಲಿದೆ. ಕಾಯಿಸಿಲ್ಲ."

"ಏನಮ್ಮ ಹೀಗಂದ್ರೆ? ನೋಡದೆ ಒತ್ತಿದ್ಯಾ?"

ಇಲ್ಲಿ ಒಂದು ಸುಳ್ಳು ಸಾಕಿತ್ತು. ಕೈ ತಪ್ಪಿ ಒತ್ತಿದೆ ಎನ್ನಬಹುದಿತ್ತು, ಗಾಡಿ ಅದಲುಬದಲಾಯಿತು ಎನ್ನಬಹುದಿತ್ತು. ಆದರೆ ಹಾಗೆಂದರೆ ಅವರು ಒಂದೆರಡು ಗಂಟು ತೆಗೆದಿಟ್ಟು, ಉಳಿದವನ್ನು ಸೀಲು ನಂಬಿ ಬಿಚ್ಚಿಬಿಟ್ಟರೆ? ದೊಡ್ಡಕ್ಕ ಒಳಜೇಬಿನಿಂದ ಫೋನು ತೆಗೆದಳು.

"ನನಗೆ ಕಣ್ಣು ಕಾಣಲ್ಲ ಸಿಸ್ಟರ್. ಇದರಲ್ಲಿ ನೋಡ್ತೀನಿ. ಇದು ಹಸಿ ಗೆರೆನೂ ಕಪ್ಪು ಮಾಡಿ ತೋರಿಸ್ತು. ನಂಬಿದೆ."

ಸಿಸ್ಟರು ಫೋನನ್ನು ನೋಡಲಿಲ್ಲ. ಒಳಗೆ ಓಡಿದರು. ಕಪಾಟಿನ ಬಾಗಿಲುಗಳು ತೆಗೆದುಕೊಂಡ ಸದ್ದು, "ಅದನ್ನ ಕೆಳಗಿಡಿ, ಹೇಳ್ತಾ ಇದೀನಲ್ಲ, ಕೆಳಗಿಡಿ!" ಎಂಬ ಕೂಗು ಕೇಳಿದವು. ಗಂಟುಗಳು ಒಂದೊಂದಾಗಿ ಹೊರಬಂದು ಗಾಡಿಗೆ ಬಿದ್ದವು. ಕೊನೆಗೆ ಸಿಸ್ಟರು ಬರಿಗೈಯಲ್ಲಿ ಬಂದು ಗೋಡೆಗೆ ಒರಗಿದರು.

"ಒಂದು ಬಿಚ್ಚಿಯಾಗಿದೆ."

"ಯಾರಿಗೆ?"

"ಬೆಳಿಗ್ಗೆ ಮೊದಲನೇ ಕೇಸು. ಹರ್ನಿಯಾ. ಒಳಗೆ ಸಡಿಲಾದ ಜಾಗಕ್ಕೆ ಬಲೆಯ ತೇಪೆ ಇಟ್ಟು ಹೊಲಿದು ವಾರ್ಡಿಗೆ ಕಳಿಸಿಯಾಯ್ತು." ಅವರ ದನಿ ಇಳಿದಿತ್ತು. "ಟೇಪು ನಾವೂ ನೋಡಬೇಕಿತ್ತು. ಸೀಲು ನೋಡಿ ಹರಿದುಬಿಟ್ವಿ. ನಾನು ಮೇಲಕ್ಕೆ ತಿಳಿಸ್ತೀನಿ. ನೀನು ಹೋಗು."

ಸಿಸ್ಟರು ತಿಳಿಸಿದರು. ಅದು ಮೇಲಕ್ಕೆ ಹೋಯಿತು. ಮೇಲಕ್ಕೆ ಹೋದದ್ದು ಅಲ್ಲೇ ಉಳಿಯಿತು.

ಮಧ್ಯಾಹ್ನ ಆಡಳಿತಾಧಿಕಾರಿಯ ಕೋಣೆಗೆ ಅವಳನ್ನು ಕರೆಸಿದರು. ಅಲ್ಲಿ ಎಷ್ಟೊಂದು ಬೆಳಕು! ಕಿಟಕಿಯ ಬೆಳಕು, ಚಾವಣಿಯ ಬೆಳಕು, ಅದು ಸಾಲದೆಂದು ಮೇಜಿನ ಮೇಲೊಂದು ದೀಪ. ಇದರಲ್ಲಿ ಕಾಲುಭಾಗ ನೆಲಮಾಳಿಗೆಗೆ ಇಳಿದಿದ್ದರೆ ಅವಳು ಆ ಗುಂಡಿ ಒತ್ತುತ್ತಲೇ ಇರಲಿಲ್ಲ. ಬೇಗಬೇಗ ಗೋಡೆಗೆ ಅಂಟಿಕೊಂಡು ನಿಂತಿದ್ದ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಯಾವ ಅವಸರವೂ ಇದ್ದಂತಿರಲಿಲ್ಲ.

"ನೋಡಮ್ಮ," ಅಧಿಕಾರಿ ಮೆತ್ತಗೆ ಶುರುಮಾಡಿದರು, "ಫೋನು ಒಳಗೆ ತಂದಿದ್ದು ತಪ್ಪು. ಕಣ್ಣಿನ ವಿಚಾರ ಮುಚ್ಚಿಟ್ಟಿದ್ದು ಇನ್ನೂ ದೊಡ್ಡ ತಪ್ಪು. ಪೊಲೀಸಿಗೆ ಕೊಡಬಹುದಾದಂಥ ವಿಷಯ."

"ಕೊಡಿ ಸಾರ್. ಜೊತೆಗೆ ಮಷೀನಿನ ದೀಪನೂ ಕೊಡಿ. ಕಳಚಿಟ್ಟ ಟ್ಯೂಬ್‌ಲೈಟೂ ಕೊಡಿ. ಒಳಪಟ್ಟಿ ನಿಲ್ಲಿಸಿದವರನ್ನೂ ಕರೀರಿ."

"ಏಯ್, ಸಾರ್ ಮುಂದೆ ಹಾಗೆಲ್ಲ—" ಬೇಗಬೇಗ ಬಾಯಿ ಹಾಕಿದ.

"ಬಾಗಿಲು ತೆಗೆದವನು ನೀನಲ್ವೇನಪ್ಪ? ಮುಟ್ಟಿ ನೋಡಿ ಬೆಂದಿದೆ ಅಂದೆ. ನಿನ್ನ ಮನೆ ಅನ್ನನೂ ಪಾತ್ರೆ ಮುಟ್ಟಿ ನೋಡಿ ಬಡಿಸ್ತಾರಾ?"

ಅಧಿಕಾರಿ ಕೈ ಎತ್ತಿ ಇಬ್ಬರನ್ನೂ ನಿಲ್ಲಿಸಿದರು. "ಕೋಪ ಮಾಡ್ಕೊಬೇಡ. ಯಾರಿಗೂ ಏನೂ ಆಗಿಲ್ಲ. ಆ ರೋಗಿ ಚೆನ್ನಾಗಿದಾನೆ. ನಾವು ನೋಡ್ಕೋತಾ ಇದೀವಿ. ಸುಮ್ಮನೆ ಅವರ ಮನೆಯವರನ್ನ ಯಾಕೆ ಹೆದರಿಸೋದು? ನೀನು ತೊಟ್ಟಿ ಕಡೆಗೆ ಹೋಗು, ಅಲ್ಲಿ ಓದೋ ಕೆಲಸ ಇಲ್ಲ. ನಿನ್ನ ನಾದಿನಿನೂ ಇಲ್ಲೇ ಇದಾಳಂತಲ್ಲ? ಇಬ್ಬರೂ ಇರಿ. ಹೊರಗೆ ಮಾತ್ರ ಮಾತು ಬೇಡ."

ಬೈದು ಹೊರಗೆ ಹಾಕುತ್ತಾರೆಂದು ಮನಸ್ಸು ಗಟ್ಟಿಮಾಡಿಕೊಂಡು ಬಂದವಳಿಗೆ ಈ ಮೆತ್ತನೆಯ ಮಾತಿನ ಮುಂದೆ ನಾಲಿಗೆ ಏಳಲಿಲ್ಲ. ಒದ್ದರೆ ತಿರುಗಿ ಒದೆಯಬಹುದು, ಬೆನ್ನು ಸವರಿದರೆ ಏನು ಮಾಡುವುದು? ಬಡವರ ಬಾಯಿ ಕಟ್ಟಲು ಇವರಿಗೆ ಬಟ್ಟೆ ಬೇಕಾಗಿಲ್ಲ. ಇರುವ ಕೆಲಸವನ್ನೇ ಮಡಿಸಿ ತುರುಕುತ್ತಾರೆ. ಅವಳು ತಲೆ ಆಡಿಸಿ ಹೊರಗೆ ಬಂದಳು. ಹೌದು ಎಂದು ಆಡಿಸಿದಳೋ, ಇಲ್ಲ ಎಂದೋ, ಅವಳಿಗೇ ತಿಳಿಯಲಿಲ್ಲ. ಅವರು ಹೌದು ಎಂದೇ ತೆಗೆದುಕೊಂಡರು.

ಮರುದಿನದಿಂದ ಅವಳು ತೊಟ್ಟಿಯ ಮುಂದೆ ನಿಂತಳು. ಕತ್ತರಿಯ ಹಲ್ಲು, ಚಿಮಟದ ಸಂದು, ಕೀಲಿನಲ್ಲಿ ಒಣಗಿದ ರಕ್ತ ಎಲ್ಲ ಬೆರಳಿಗೆ ಸಿಗುತ್ತಿದ್ದವು, ಕಣ್ಣು ಬೇಕಿರಲಿಲ್ಲ. ಪಕ್ಕದಲ್ಲಿ ನಾದಿನಿ ಮಾತಿಲ್ಲದೆ ಉಜ್ಜುತ್ತಿದ್ದಳು. ಬೇಗಬೇಗನ ಮೇಲೆ ಒಂದು ತಮಾಷೆಯೂ ಹುಟ್ಟಲಿಲ್ಲ. ಮನೆಯಲ್ಲಿ ದೊಡ್ಡಕ್ಕನ ಗಂಡ, "ಏನ್ರೇ ಇಬ್ಬರೂ ಹೀಗೆ ಮುಖ ಊದಿಸ್ಕೊಂಡಿದೀರಿ? ಜಗಳಾನಾದ್ರೂ ಆಡಿ, ಕೇಳೋಕೆ ಚೆನ್ನಾಗಿರತ್ತೆ" ಎಂದ. ನಾದಿನಿ ಅವನ ತಟ್ಟೆಗೆ ಅನ್ನ ಬಡಿಸಿದಳು. ಪೇಟೆಯಲ್ಲಿ ಟೆಂಪೊ ಓಡಿಸುವ ಅವನಿಗೆ ಮನೆಯೊಳಗಿನ ಮೌನ ಎಂದರೆ ಇಂಜಿನ್ನು ನಿಂತಂತೆ.

ಇನ್ನೊಂದು ದಿನ ಕಳೆಯಿತು. ದೊಡ್ಡಕ್ಕ ಊಟದ ಡಬ್ಬಿ ಬಿಚ್ಚಿ ಮುಚ್ಚಿದಳು. ಹರ್ನಿಯಾದ ಮನುಷ್ಯ ಯಾರು, ಏನು ಎಂದು ಅವಳು ಕೇಳಲಿಲ್ಲ. ಕೇಳಿದರೆ ಅವನಿಗೊಂದು ಮುಖ ಬರುತ್ತಿತ್ತು. ಅವಳ ಕಣ್ಣು ಯಾರ ಮುಖವನ್ನೂ ಉಳಿಸುತ್ತಿರಲಿಲ್ಲ, ಇದೊಂದು ಅನುಕೂಲಕ್ಕೆ ಬಂದಿತ್ತು.

ಅದರ ಮಾರನೇ ಬೆಳಿಗ್ಗೆ ನಾದಿನಿ ವಾರ್ಡಿನ ಕೊಳೆಬಟ್ಟೆಯ ಗಾಡಿ ತಳ್ಳಿಕೊಂಡು ಬಂದವಳು ಕೈಗವಸು ಹಾಕಿಕೊಳ್ಳಲಿಲ್ಲ. ತೊಟ್ಟಿಯ ಅಂಚು ಹಿಡಿದು ನಿಂತಳು.

"ಅತ್ತಿಗೆ."

"ಏನೇ?"

"ಅವನು ಸ್ಕೂಲ್ ಬಸ್ಸಿನ ಡ್ರೈವರ್ರಂತೆ."

ದೊಡ್ಡಕ್ಕ ನಲ್ಲಿ ನಿಲ್ಲಿಸಿದಳು.

"ನಿನ್ನೆ ಸಂಜೆಯಿಂದ ಜ್ವರ. ಹೊಲಿಗೆ ಕೆಂಪಗಾಗಿದೆಯಂತೆ. ವಾರ್ಡಿನ ಡಾಕ್ಟರು ಹೊಸಬಳು, ಹುಡುಗಿ. ಆಪರೇಷನ್ ಆದ ಮೇಲೆ ಹೀಗೆ ಆಗೋದು ಇದ್ದದ್ದೇ ಅಂತ ಮಾತ್ರೆ ಕೊಟ್ಟು ಹೋದ್ಲಂತೆ." ತೊಟ್ಟಿಯ ಅಂಚು ಬಿಟ್ಟು ಹತ್ತಿರ ಬಂದಳು. "ಅವಳಿಗೆ ಯಾರೂ ಹೇಳಿಲ್ಲ ಅತ್ತಿಗೆ. ಇಂಥ ಗಂಟು ಬಿಚ್ಚಿದ್ರು ಅಂತ ಆ ಹುಡುಗಿಗೂ ಹೇಳಿಲ್ಲ."

"ನೋಡ್ಕೋತಾ ಇದೀವಿ ಅಂದ್ರಲ್ಲೇ?"

"ಯಾರು ನೋಡ್ತಾ ಇದಾರೆ? ಯಾವ ಕಣ್ಣಲ್ಲಿ?"

ನೀರು ತೊಟ್ಟಿಯ ತೂತಿನಲ್ಲಿ ಗೊಟಗುಟ್ಟಿ ಇಳಿಯಿತು. ದೊಡ್ಡಕ್ಕ ಕೈ ಒರೆಸಿಕೊಂಡಳು, ಒಂದೊಂದೇ ಬೆರಳು. "ನಿನ್ನ ಮಗಳು..." ಎಂದಳು.

"ಗೊತ್ತು." ನಾದಿನಿಯ ದನಿ ಒರಟಾಗಿತ್ತು. "ನನಗೆ ಹೇಳ್ಬೇಡ. ನಾನು ಹೋಗು ಅಂತಾನೂ ಅಂದಿಲ್ಲ, ಬೇಡ ಅಂತಾನೂ ಅಂದಿಲ್ಲ. ಸುದ್ದಿ ಹೇಳ್ದೆ. ಅಷ್ಟೇ." ಆಮೇಲೆ, ಕೊಳೆಬಟ್ಟೆಯ ಗಾಡಿಯನ್ನು ಸಿಟ್ಟಿನಿಂದ ಒದ್ದು, "ಎಡಗಡೆ ವಾರ್ಡು, ಕಿಟಕಿ ಪಕ್ಕದ ಮಂಚ" ಎಂದಳು.

ವಾರ್ಡಿನಲ್ಲಿ ಸಂದರ್ಶಕರ ಹೊತ್ತು. ಮಂಚಗಳ ನಡುವೆ ಬುಟ್ಟಿ, ಫ್ಲಾಸ್ಕು, ಹಣ್ಣಿನ ಸಿಪ್ಪೆ, ಮಕ್ಕಳ ಗಲಾಟೆ. ಕಿಟಕಿ ಪಕ್ಕದ ಮಂಚದ ಮೇಲೆ ಹೊದಿಕೆ ಮೂಗಿನ ತನಕ ಎಳೆದುಕೊಂಡು ಒಬ್ಬ ಗಂಡಸು ನಡುಗುತ್ತಿದ್ದ. ಅವನ ಕಾಲುಗಳು ಅವಳಿಗೆ ಚೆನ್ನಾಗಿ ಕಂಡವು. ಮಂಚಕ್ಕಿಂತ ಉದ್ದ ಇದ್ದುದರಿಂದ ಪಾದ ಸರಳಿನಾಚೆ ಚಾಚಿತ್ತು. ಪಕ್ಕದ ಸ್ಟೂಲಿನಲ್ಲಿ ಕೂತ ಹೆಂಗಸು ಒದ್ದೆ ಬಟ್ಟೆ ಹಿಂಡಿ ಅವನ ಹಣೆಗೆ ಹಾಕುತ್ತಿದ್ದಳು.

"ಅಕ್ಕಾ, ಚಳಿ" ಎಂದ ಅವನು.

"ಸುಮ್ನೆ ಮಲ್ಗೋ. ಇಷ್ಟುದ್ದ ಬೆಳೆದಿದೀಯ, ಹೊದಿಕೆ ಎಲ್ಲಿಂದ ತರ್ಲಿ ನಿನಗೆ?" ಬೈಯುತ್ತಲೇ ಅವಳು ತನ್ನ ಶಾಲನ್ನು ಅವನ ಪಾದಕ್ಕೆ ಸುತ್ತಿದಳು. ಆಮೇಲೆ ದೊಡ್ಡಕ್ಕನ ಕಡೆ ತಿರುಗಿ, "ಯಾರನ್ನ ನೋಡ್ಬೇಕಮ್ಮ? ಗುಡಿಸೋಕೆ ಬಂದ್ಯಾ? ಆಮೇಲೆ ಬಾ, ಈಗ ಸ್ವಲ್ಪ ಮಂಪರು ಹತ್ತಿದೆ ಅವನಿಗೆ" ಎಂದಳು.

ದೊಡ್ಡಕ್ಕ ನಿಂತೇ ಇದ್ದಳು. ಮೆಟ್ಟಿಲು ಹತ್ತುವಾಗ ಜೋಡಿಸಿಕೊಂಡಿದ್ದ ಮಾತೆಲ್ಲ ಚೆಲ್ಲಾಪಿಲ್ಲಿಯಾಗಿತ್ತು. ಎದುರಿಗಿದ್ದವಳ ಮುಖ ಕಲೆಯೊಳಗೆ ಮುಚ್ಚಿಹೋಗಿತ್ತು. ಯಾವ ಮುಖಕ್ಕೆ ಹೇಳುತ್ತಿದ್ದೇನೆಂದು ತಿಳಿಯದೆ ಇಂಥ ಮಾತು ಹೇಳುವುದು ಹೇಗೆ? ಅವಳು ಪಕ್ಕಕ್ಕೆ ಕತ್ತು ತಿರುಗಿಸಿ, ಕಣ್ಣಿನ ಅಂಚಿನಿಂದ ನೋಡಿದಳು. ದಣಿದ, ದುಂಡನೆಯ ಮುಖ. ನಿದ್ದೆಯಿಲ್ಲದ ಕಣ್ಣು.

"ನಾನು ಕೆಳಗೆ ಸಾಮಾನು ತೊಳೆಯೋ ಕೋಣೆಯವಳು" ಎಂದಳು. "ನಿಮ್ಮ ತಮ್ಮನ ಆಪರೇಷನ್ ಮಾಡಿದ ಕತ್ತರಿ, ಚಿಮಟ ಎಲ್ಲ ಕಾಯಿಸಿರಲಿಲ್ಲ. ನೀರಲ್ಲಿ ತೊಳೆದದ್ದು ಬಿಟ್ರೆ ಏನೂ ಆಗಿರಲಿಲ್ಲ. ನೋಡಿ ತಡೀಬೇಕಾದವಳು ನಾನು. ತಡೀಲಿಲ್ಲ. ನನಗೆ ಕಣ್ಣು ಸರಿ ಕಾಣಲ್ಲ. ಆಸ್ಪತ್ರೆಯವರಿಗೆ ಅವತ್ತೇ ಗೊತ್ತಾಗಿದೆ. ನಿಮಗೆ ಹೇಳಿಲ್ಲ. ವಾರ್ಡಿನ ಡಾಕ್ಟರಿಗೂ ಹೇಳಿಲ್ಲ."

ಹೆಂಗಸಿನ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕಿತು.

"ಏನಂದೆ?"

"ಇದು ಸುಮ್ನೆ ಬರೋ ಜ್ವರ ಅಲ್ಲ. ಬೇರೆ ಔಷಧಿ ಬೇಕು. ಈಗಲೇ ಬೇಕು."

ಹೊಡೆತ ಬೀಳುತ್ತದೆಂದು ದೊಡ್ಡಕ್ಕ ಕಾದಳು. ಹೆಂಗಸು ಎದ್ದಳು. ಅವಳ ಮೈಯಿಂದ ಬೆವರು, ಡೆಟ್ಟಾಲು, ಕೊತ್ತಂಬರಿಯ ವಾಸನೆ ಬಂತು. ಅವಳು ದೊಡ್ಡಕ್ಕನ ರಟ್ಟೆಯನ್ನು ಹಿಡಿದ ಹಿಡಿತಕ್ಕೆ ಮೂಳೆ ನೊಂದಿತು.

"ನನ್ನ ತಮ್ಮ ಸತ್ರೆ?"

ದೊಡ್ಡಕ್ಕ ಅವನ ಪಾದಕ್ಕೆ ಸುತ್ತಿದ ಶಾಲಿನ ಕಡೆ ತಿರುಗಿದಳು.

"ಬಾಯಿ ಬಿಡು! ಸತ್ರೆ ಏನ್ ಮಾಡ್ತೀಯ? ಕಣ್ಣಿಲ್ಲ ಅಂತೀಯ, ಕಣ್ಣಿಲ್ಲದವಳು ಅಲ್ಲಿ ಯಾಕೆ ಕೂತೆ?"

"ಎದ್ರೆ ಊಟ ಇರ್ಲಿಲ್ಲ."

ಮಂಚದ ಮೇಲಿನವನು ಕಣ್ಣು ಬಿಟ್ಟಿದ್ದ. ಅಕ್ಕಪಕ್ಕದ ಮಂಚದವರು ತಿರುಗಿದ್ದರು. ವಾರ್ಡಿನ ಬಾಗಿಲಲ್ಲಿ ಆ ಹುಡುಗಿ ಡಾಕ್ಟರು ಕತ್ತಿಗೆ ಸ್ಟೆತಾಸ್ಕೋಪು ಹಾಕಿಕೊಂಡು, ಏನು ಗಲಾಟೆ ಎಂದು ಬಂದು ನಿಂತಿದ್ದಳು. ಆಗಲೇ ಯಾರೋ ಬೇಗಬೇಗನಿಗೆ ಸುದ್ದಿ ಮುಟ್ಟಿಸಿದ್ದರು. ಮೆಟ್ಟಿಲ ಮೇಲೆ ಅವನ ಬೂಟಿನ ಸದ್ದು ಕೇಳುತ್ತಿತ್ತು.

ಹೆಂಗಸು ದೊಡ್ಡಕ್ಕನ ರಟ್ಟೆಯನ್ನು ಬಿಡಲಿಲ್ಲ. ಅವಳನ್ನು ಹಾಗೇ ಎಳೆದುಕೊಂಡು ಎರಡು ಸಾಲು ಮಂಚಗಳ ನಡುವಿಗೆ, ಡಾಕ್ಟರ ಎದುರಿಗೆ ತಂದು ನಿಲ್ಲಿಸಿದಳು.

"ಇನ್ನೊಂದು ಸಲ ಹೇಳು" ಎಂದಳು. "ಇವರಿಗೆ ಹೇಳು. ಎಲ್ಲರಿಗೂ ಕೇಳೋ ಹಾಗೆ ಹೇಳು."

"ಏನಮ್ಮ ನೀನಿಲ್ಲಿ? ನಡಿ ಕೆಳಗೆ, ಬೇಗ, ಬೇಗ—" ಬಾಗಿಲಿನಿಂದ ಏದುಸಿರಿನ ಕೂಗು ಬಂತು.

ದೊಡ್ಡಕ್ಕ ಆ ಕಡೆ ತಿರುಗಲಿಲ್ಲ. ಮೊದಲಿನಿಂದ ಶುರುಮಾಡಿದಳು, ಈ ಸಲ ಜೋರಾಗಿ, ಒಂದೊಂದೇ ಮಾತು ಬಿಡಿಸಿ. ಮಷೀನಿನ ದೀಪ ಸುಟ್ಟುಹೋದದ್ದು, ಟ್ಯೂಬ್‌ಲೈಟು ಕಳಚಿದ್ದು, ಒಳಪಟ್ಟಿ ನಿಲ್ಲಿಸಿದ್ದು, ಬಾಗಿಲು ತೆಗೆದದ್ದು, ತಾನು ಸೀಲು ಒತ್ತಿದ್ದು. ನಾದಿನಿಯ ಹೆಸರು ಮಾತ್ರ ಎತ್ತಲಿಲ್ಲ. ಅವಳು ಇನ್ನೂ ಹೇಳುತ್ತಿರುವಾಗಲೇ ಹುಡುಗಿ ಡಾಕ್ಟರು ಅಡ್ಡ ಬಂದು ನಿಂತ ಬೇಗಬೇಗನನ್ನು ಪಕ್ಕಕ್ಕೆ ತಳ್ಳಿ ಮಂಚದ ಬಳಿಗೆ ಧಾವಿಸಿ, ಹೊದಿಕೆ ಸರಿಸಿ, ಹೊಲಿಗೆಯ ಮೇಲಿನ ಬಟ್ಟೆ ಬಿಚ್ಚತೊಡಗಿದ್ದಳು.